ಹಸಿರು ಗೋಡೆಯ ವ್ಯಾಜ್ಯ

1912ರ ಏಪ್ರಿಲ್ 20ರಂದು ಅಮೆರಿಕದ ಎರಡು ಊರುಗಳಲ್ಲಿ ಎರಡು ಬೇಸ್‌ಬಾಲ್ ಮೈದಾನಗಳು ಬಾಗಿಲು ತೆರೆದವು. ಟೈಟಾನಿಕ್ ಮುಳುಗಿ ಇನ್ನೂ ಐದೇ ದಿನವಾಗಿತ್ತು. ಬಾಸ್ಟನ್ನಿನದು ಫೆನ್‌ವೇ ಪಾರ್ಕ್. ಡೆಟ್ರಾಯಿಟ್‌ನದು ಆಗ ನ್ಯಾವಿನ್ ಫೀಲ್ಡ್ ಎನಿಸಿಕೊಂಡು ಮುಂದೆ ಟೈಗರ್ ಸ್ಟೇಡಿಯಂ ಎಂದು ಹೆಸರಾಯಿತು. ಒಂದೇ ದಿನ ಹುಟ್ಟಿದ ಈ ಅವಳಿಗಳಲ್ಲಿ ಒಂದು ಇವತ್ತಿಗೂ ಆಟ ಆಡಿಸುತ್ತಿದೆ, ಇನ್ನೊಂದನ್ನು 2009ರ ಹೊತ್ತಿಗೆ ಪೂರ್ತಿ ಕೆಡವಿಯಾಯಿತು. ಹಳೆಯ ಮೈದಾನ ಉಳಿಸಬೇಕೋ ಹೊಸದು ಕಟ್ಟಬೇಕೋ ಎಂದು ಬೇಸ್‌ಬಾಲ್ ಅಭಿಮಾನಿಗಳು ದಶಕಗಳಿಂದ ವಾದಿಸುತ್ತಲೇ ಇದ್ದಾರೆ. ಇದನ್ನು ಹಳಬರ ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವಳಿಗಳ ಕಥೆಯನ್ನು ಹತ್ತಿರದಿಂದ ನೋಡಿದರೆ, ವ್ಯಾಜ್ಯ ಇರುವುದು ಕಟ್ಟಡದ ವಯಸ್ಸಿನ ಬಗ್ಗೆಯೇ ಅಲ್ಲ ಎನಿಸುತ್ತದೆ. ಕೇಳಬೇಕಾದ ಪ್ರಶ್ನೆಗಳು ಎರಡೇ: ಮೈದಾನದ ಆಕಾರ ಎಲ್ಲಿಂದ ಬಂತು, ಮತ್ತು ಎಲ್ಲಕ್ಕಿಂತ ಅಗ್ಗದ ಟಿಕೆಟ್ ಕೊಂಡವನು ಎಲ್ಲಿ ಕೂರುತ್ತಾನೆ?

ಕ್ರಿಕೆಟ್ ನೋಡುವವರಿಗೆ ಮೊದಲ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಪಿಚ್ ಎಲ್ಲಿ ಹೋದರೂ 22 ಗಜ, ಬೌಂಡರಿ ಮಾತ್ರ ಮೈದಾನಕ್ಕೊಂದು. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಗ್ಯಾಲರಿಗೆ ಹೋಗಿ ಬೀಳುವ ಎಷ್ಟೋ ಹೊಡೆತಗಳು ಮೆಲ್ಬರ್ನ್‌ನಲ್ಲಿ ಕ್ಯಾಚ್ ಆಗುತ್ತವೆ. ಬೇಸ್‌ಬಾಲ್‌ನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಬೇಸ್‌ನಿಂದ ಬೇಸ್‌ಗೆ 90 ಅಡಿ, ಚೆಂಡೆಸೆಯುವ ಪಿಚರ್ ನಿಲ್ಲುವಲ್ಲಿಂದ ಬ್ಯಾಟರ್ ನಿಲ್ಲುವ ಹೋಂ ಪ್ಲೇಟ್‌ಗೆ 60 ಅಡಿ 6 ಅಂಗುಲ. ಇವೆರಡನ್ನು ಯಾರೂ ಅಲುಗಿಸುವಂತಿಲ್ಲ. ಅದರಾಚೆ ಬೇಲಿ ಎಷ್ಟು ದೂರದಲ್ಲಿರಬೇಕು, ಎಷ್ಟು ಎತ್ತರವಿರಬೇಕು ಎಂಬುದನ್ನು ಹಿಂದೆ ನಿವೇಶನದ ಚಕ್ಕುಬಂದಿಯೇ ಹೇಳುತ್ತಿತ್ತು. ಫೆನ್‌ವೇ ಕಟ್ಟಿದ ಜಾಗದ ಒಂದು ಬದಿಗೆ ಲ್ಯಾನ್ಸ್‌ಡೌನ್ ಎಂಬ ಬೀದಿ ಅಡ್ಡಬಂತು. ಹಾಗಾಗಿ ಎಡಬದಿಯ ಬೇಲಿ ತೀರ ಹತ್ತಿರಕ್ಕೆ, ಈಗಿನ ಅಳತೆಯಲ್ಲಿ ಬರೀ 310 ಅಡಿಗೆ, ನಿಂತಿತು. ಅಷ್ಟು ಹತ್ತಿರದ ಬೇಲಿಯ ಜಾಗದಲ್ಲಿ ಎತ್ತರದ ಗೋಡೆಯೊಂದು ನಿಂತಿತು. ಈಗ ಅದು 37 ಅಡಿ ಎತ್ತರದ, ಹಸಿರು ಬಳಿದ ‘ಗ್ರೀನ್ ಮಾನ್‌ಸ್ಟರ್’, ಎಂದರೆ ಹಸಿರು ರಾಕ್ಷಸ. ಬೇರೆ ಊರಲ್ಲಿ ಫೀಲ್ಡರ್‌ನ ಕೈಗೆ ಸುಲಭವಾಗಿ ಸಿಗುವ ಎತ್ತರದ ಚೆಂಡು ಇಲ್ಲಿ ಗೋಡೆ ದಾಟಿ ಹೋಂ ರನ್ ಆಗಬಹುದು. ಬೇರೆ ಊರಲ್ಲಿ ಬೇಲಿಯಾಚೆ ಹಾರಿಹೋಗುವ ಬಿರುಸಿನ ನೇರ ಹೊಡೆತ ಇಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಹೊಡೆದವನು ಕೆಲವೊಮ್ಮೆ ಮೊದಲ ಬೇಸ್‌ನಲ್ಲೇ ನಿಲ್ಲಬೇಕಾಗುತ್ತದೆ. ಗೋಡೆಯ ಬುಡದ ಸ್ಕೋರ್‌ಬೋರ್ಡಿನ ಒಳಗೆ ಇಕ್ಕಟ್ಟಿನಲ್ಲಿ ನಿಂತು ಇಂದಿಗೂ ಮನುಷ್ಯರೇ ಅಂಕಿಗಳ ಫಲಕಗಳನ್ನು ಕೈಯಿಂದ ಬದಲಾಯಿಸುತ್ತಾರೆ. ಗೋಡೆಗೆ ಒಂದು ಏಣಿಯೂ ಅಂಟಿಕೊಂಡಿದೆ. ಮೇಲಿನ ಬಲೆಗೆ ಬಿದ್ದ ಚೆಂಡುಗಳನ್ನು ತೆಗೆಯಲು ಇದ್ದ ಏಣಿ ಅದು. ಬಲೆ ಹೋಯಿತು, ಏಣಿ ಉಳಿಯಿತು. ಚೆಂಡು ಆ ಏಣಿಗೆ ತಗುಲಿ ಅಂಗಳದೊಳಗೆ ಯಾವ ದಿಕ್ಕಿಗೆ ಸಿಡಿದರೂ ಆಟ ಮುಂದುವರಿಯುತ್ತದೆ.

ಆಕಾರವೇ ಆಟದ ಗತಿ ತಿರುಗಿಸಿದ್ದಕ್ಕೆ, ಚಾಂಪಿಯನ್ ತಂಡವನ್ನು ತೀರ್ಮಾನಿಸುವ 1954ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್ ಸ್ನಾನದ ತೊಟ್ಟಿಯ ಹಾಗೆ ಉದ್ದಕ್ಕೆ ಚಾಚಿಕೊಂಡಿದ್ದ ಮೈದಾನ. ಬಲಬದಿಯ ಬೇಲಿ 258 ಅಡಿಗೇ ಮುಗಿಯುತ್ತಿತ್ತು, ನಡುಬದಿ 480 ಅಡಿಗೂ ಆಚೆ ಹೋಗುತ್ತಿತ್ತು. ಪ್ರವಾಸಿ ತಂಡದ ವಿಕ್ ವರ್ಟ್ಜ್ ಹೊಡೆದ ಚೆಂಡು 400 ಅಡಿಗೂ ಮೀರಿ ಹಾರಿತು. ಆತಿಥೇಯ ತಂಡದ ವಿಲ್ಲಿ ಮೇಸ್ ಬೆನ್ನು ತಿರುಗಿಸಿ ಓಡಿ, ಹೆಗಲ ಮೇಲಿಂದ ಬಂದ ಚೆಂಡನ್ನು ಹಿಡಿದುಬಿಟ್ಟರು. ಅದೇ ಪಂದ್ಯದ ಹತ್ತನೇ ಇನ್ನಿಂಗ್ಸ್‌ನಲ್ಲಿ ಮೇಸ್‌ರ ತಂಡದ ಡಸ್ಟಿ ರೋಡ್ಸ್ ಹೊಡೆದ ಚೆಂಡು ಸುಮಾರು 260 ಅಡಿ ಹೋಗಿ ಬಲಬದಿಯ ಬೇಲಿ ದಾಟಿತು, ಪಂದ್ಯ ಗೆದ್ದುಕೊಟ್ಟಿತು. ಇದು ಅನ್ಯಾಯವಲ್ಲವೇ ಎಂದರೆ, ಹೌದು, ಅನ್ಯಾಯವೇ. ಆದರೆ ಎರಡೂ ತಂಡಗಳಿಗೆ ಸಮನಾಗಿ ಹಂಚಿದ ಅನ್ಯಾಯ. ಅದನ್ನು ಅರಿತು ಆಡುವುದೇ ಅಲ್ಲಿನ ಆಟ.

ಈ ವಕ್ರತೆಯನ್ನೆಲ್ಲ ಸರಿಪಡಿಸುತ್ತೇವೆಂದು ಹೊರಟವರು 1960 ಮತ್ತು 70ರ ದಶಕದ ನಗರಾಡಳಿತಗಳು. ಬೇಸ್‌ಬಾಲ್‌ಗೂ ಅಮೆರಿಕನ್ ಫುಟ್‌ಬಾಲ್‌ಗೂ ಒಂದೇ ಕ್ರೀಡಾಂಗಣ ಸಾಕು ಎಂದು ಲೆಕ್ಕ ಹಾಕಿ ಸೇಂಟ್ ಲೂಯಿಸ್, ಸಿನ್ಸಿನಾಟಿ, ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾಗಳಲ್ಲಿ ದುಂಡನೆಯ ಕಾಂಕ್ರೀಟ್ ಕಟ್ಟಡಗಳನ್ನು ಎಬ್ಬಿಸಿದರು. ಒಳಗೆ ನಿಂತವನಿಗೆ ತಾನು ಯಾವ ಊರಲ್ಲಿದ್ದೇನೆ ಎಂಬುದೇ ತಿಳಿಯದಷ್ಟು ಅವು ಒಂದೇ ತರಹ ಇದ್ದವು. ಹ್ಯೂಸ್ಟನ್‌ನವರು 1965ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೈದಾನಕ್ಕೇ ಸೂರು ಹಾಕಿದರು. ಪಾರದರ್ಶಕ ಫಲಕಗಳ ಝಳಕ್ಕೆ ಫೀಲ್ಡರ್‌ಗಳಿಗೆ ಚೆಂಡು ಕಾಣಲಿಲ್ಲ. ಫಲಕಗಳಿಗೆ ಬಣ್ಣ ಬಳಿದರು, ಹುಲ್ಲು ಸತ್ತಿತು. ಮರುವರ್ಷ ಪ್ಲಾಸ್ಟಿಕ್ ಹುಲ್ಲು ಹಾಸಿದರು. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ಎನ್ನುವುದಕ್ಕೆ ಇಷ್ಟು ಅಚ್ಚುಕಟ್ಟಾದ ನಿದರ್ಶನ ಕ್ರೀಡಾಲೋಕದಲ್ಲಿ ಬೇರೆ ಇರಲಾರದು! ಪಿಟ್ಸ್‌ಬರ್ಗ್‌ನ ಥ್ರೀ ರಿವರ್ಸ್ ಸ್ಟೇಡಿಯಂ 1970ರಲ್ಲಿ ತೆರೆದು 2001ರಲ್ಲಿ ಸಿಡಿಮದ್ದಿಗೆ ನೆಲಕಚ್ಚಿತು. ಮೂವತ್ತು ವರ್ಷ ಕಳೆದರೂ ಅದಕ್ಕೆ ಯಾವ ಸೊಗಸೂ ಕೂಡಿಬರಲಿಲ್ಲ. ‘ಇಂದಿನ ಹೊಸದೂ ನಾಳೆ ಹಳೆಯದಾಗುತ್ತದೆ, ಆಗ ಅದನ್ನೂ ಪ್ರೀತಿಸುತ್ತೀರಿ’ ಎಂಬ ವಾದಕ್ಕೆ ಉತ್ತರ ಇಲ್ಲೇ ಇದೆ. ಕಾಲ ಕಳೆದ ಮಾತ್ರಕ್ಕೆ ಕಟ್ಟಡಕ್ಕೆ ಸ್ವಭಾವ ಬರುವುದಿಲ್ಲ. ಇನ್ನು ಈಗಿನವುಗಳಲ್ಲಿ ಕೆಲವು ಹಳೆಯವಾಗುವಷ್ಟು ಬದುಕುವುದೂ ಇಲ್ಲ. ಅಟ್ಲಾಂಟಾದ ಟರ್ನರ್ ಫೀಲ್ಡ್ ಬೇಸ್‌ಬಾಲ್ ಕಂಡದ್ದು 1997ರಿಂದ 2016ರವರೆಗೆ, ಬರೀ ಇಪ್ಪತ್ತು ಸೀಸನ್.

ಹೊಸದರಲ್ಲೂ ಒಳ್ಳೆಯದು ಸಾಧ್ಯ ಎಂದು ತೋರಿಸಿದ್ದು ಬಾಲ್ಟಿಮೋರ್. 1992ರಲ್ಲಿ ತೆರೆದ ಕ್ಯಾಮ್ಡೆನ್ ಯಾರ್ಡ್ಸ್ ನಗರದ ಮಧ್ಯದಲ್ಲೇ, ಬೇಸ್‌ಬಾಲ್‌ಗೆಂದೇ ಕಟ್ಟಿದ ಮೈದಾನ. ಅಲ್ಲಿ ರೈಲ್ವೆಯ ಹಳೆಯ ಇಟ್ಟಿಗೆ ಗೋದಾಮು ಸಾವಿರ ಅಡಿಗೂ ಉದ್ದಕ್ಕೆ ನಿಂತಿತ್ತು. ಅದನ್ನು ಕೆಡವದೆ ಬಲಬದಿಯ ಹಿನ್ನೆಲೆಯಾಗಿ ಉಳಿಸಿಕೊಂಡರು, ನಡುವಿನ ಬೀದಿಯನ್ನು ಮೈದಾನದೊಳಕ್ಕೆ ಸೇರಿಸಿಕೊಂಡರು. ಇದು ಗೆದ್ದಿತು. ಗೆದ್ದ ಮೇಲೆ ನಕಲು ಶುರುವಾಯಿತು, ನಕಲು ಮಾಡಿದವರು ಇಟ್ಟಿಗೆಯನ್ನಷ್ಟೇ ನೋಡಿದರು. ಹ್ಯೂಸ್ಟನ್‌ನಲ್ಲಿ 2000ದಲ್ಲಿ ತೆರೆದ ಹೊಸ ಮೈದಾನದ ನಡುಬದಿಯಲ್ಲಿ ಬೇಕೆಂದೇ ಒಂದು ದಿಬ್ಬ ಮಾಡಿ, ಅದರ ಮೇಲೆ ಧ್ವಜದ ಕಂಬ ನೆಟ್ಟರು. ಫೀಲ್ಡರ್‌ಗಳು ಏರುತ್ತ ಎಡವುತ್ತ ಚೆಂಡು ಹಿಡಿಯಬೇಕಿತ್ತು. 2016ರ ಸೀಸನ್ ಮುಗಿದ ಮೇಲೆ ಅದನ್ನು ಸಮತಟ್ಟು ಮಾಡಿದರು. ಬೀದಿಯಿಂದಾಗಿ ಬಂದ ಗೋಡೆಯನ್ನು ಯಾರೂ ತೆಗೆಯಲಾರರು, ಅದು ಅಲ್ಲಿರುವುದಕ್ಕೆ ಕಾರಣವಿದೆ. ನಕ್ಷೆಯಲ್ಲಿ ಬರೆದು ತಂದ ದಿಬ್ಬಕ್ಕೆ ಅಂಥ ಕಾರಣವಿರಲಿಲ್ಲ, ಬೇಡವೆನಿಸಿದ ದಿನ ಹೋಯಿತು.

ಎರಡನೇ ಪ್ರಶ್ನೆಯ ಬಗ್ಗೆ ಅಭಿಮಾನಿಗಳು ಮಾತನಾಡುವುದು ಕಡಿಮೆ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಹಳೆಯ ಮೈದಾನಗಳ ಮೇಲಂತಸ್ತನ್ನು ಉಕ್ಕಿನ ಕಂಬಗಳು ಹೊತ್ತಿರುತ್ತಿದ್ದವು. ಕಂಬದ ಹಿಂದೆ ಕೂತವನಿಗೆ ಅರ್ಧ ಆಟ ಕಾಣುತ್ತಿರಲಿಲ್ಲ, ನಿಜ. ಆದರೆ ಕಂಬಗಳಿದ್ದದ್ದರಿಂದಲೇ ಮೇಲಂತಸ್ತನ್ನು ಕೆಳಗಿನದರ ತಲೆಯ ಮೇಲೆ ನೇರವಾಗಿ ಕೂರಿಸಲು ಸಾಧ್ಯವಾಗಿತ್ತು. ಟೈಗರ್ ಸ್ಟೇಡಿಯಂನ ಬಲಬದಿಯಲ್ಲಿ ಮೇಲಂತಸ್ತು ಆಟದ ಅಂಗಳದ ಮೇಲೇ 10 ಅಡಿ ಚಾಚಿಕೊಂಡಿತ್ತು. ಅಲ್ಲಿ ಅಗ್ಗದ ಟಿಕೆಟ್ ಹಿಡಿದು ಕೂತವನಿಗೂ ಆಟ ಕಾಲಬುಡದಲ್ಲೇ ನಡೆಯುತ್ತಿತ್ತು. ಕಂಬ ತೆಗೆದರೆ ಮೇಲಂತಸ್ತನ್ನು ಹಿಂದಕ್ಕೆ ಸರಿಸಲೇಬೇಕು. ಎರಡು ಅಂತಸ್ತುಗಳ ನಡುವೆ ಕಂಪನಿಗಳಿಗೆ ಮಾರುವ ಹವಾನಿಯಂತ್ರಿತ ಕೋಣೆಗಳ ಸಾಲು ಬಂದರೆ ಇನ್ನೂ ಮೇಲಕ್ಕೆ ಏರಿಸಬೇಕು. ಷಿಕಾಗೋದ ಕಮಿಸ್ಕಿ ಪಾರ್ಕ್‌ಗೆ ಬದಲಾಗಿ 1991ರಲ್ಲಿ ಪಕ್ಕದಲ್ಲೇ ಹೊಸದು ತೆರೆದಾಗ ಆದದ್ದು ಇದೇ. ಹೊಸದರ ಮೇಲಂತಸ್ತಿನ ಮೊದಲ ಸಾಲು ಹಳೆಯದರ ಕೊನೆಯ ಸಾಲಿಗಿಂತ ದೂರವಾಯಿತು, ಮೆಟ್ಟಿಲುಗಳೂ ಕಡಿದಾದವು. ಜನ ಗೊಣಗಿ ಗೊಣಗಿ, ಕಡೆಗೆ 2004ರಲ್ಲಿ ಮೇಲಿನ ಎಂಟು ಸಾಲುಗಳನ್ನೇ ಕಿತ್ತು ಆರು ಸಾವಿರಕ್ಕೂ ಹೆಚ್ಚು ಆಸನಗಳನ್ನು ಕಡಿಮೆ ಮಾಡಿದರು. ನ್ಯೂಯಾರ್ಕ್‌ನ ಹೊಸ ಯಾಂಕಿ ಸ್ಟೇಡಿಯಂ 2009ರಲ್ಲಿ ಸುಮಾರು 150 ಕೋಟಿ ಡಾಲರ್ ಖರ್ಚಿನಲ್ಲಿ ತೆರೆದಾಗ ಮುಂದಿನ ಸಾಲಿನ ಒಂದು ಸೀಟಿಗೆ ಒಂದು ಪಂದ್ಯಕ್ಕೆ ಎರಡೂವರೆ ಸಾವಿರ ಡಾಲರ್ ಬೆಲೆ ಇಟ್ಟಿದ್ದರು. ಟಿವಿ ಪರದೆಯ ಮೇಲೆ ಆ ಸಾಲುಗಳು ಖಾಲಿ ಹೊಡೆದವು, ತಿಂಗಳೊಳಗೆ ಬೆಲೆ ಇಳಿಸಬೇಕಾಯಿತು.

ಹೊಸದು ಬೇಕೆನ್ನುವವರ ಗಟ್ಟಿ ವಾದ ಹಣದ್ದು. ಹಳೆಯ ಮೈದಾನದಲ್ಲಿ ಆದಾಯ ಕಡಿಮೆ, ಆದಾಯವಿಲ್ಲದೆ ಒಳ್ಳೆಯ ಆಟಗಾರರಿಲ್ಲ, ಅವರಿಲ್ಲದೆ ಗೆಲುವಿಲ್ಲ ಎನ್ನುತ್ತಾರೆ. ಕೇಳಲು ಸರಿ, ಆದರೆ ಲೆಕ್ಕ ಹೊಂದುವುದಿಲ್ಲ. ಫೆನ್‌ವೇಯಲ್ಲೇ ಉಳಿದ ಬಾಸ್ಟನ್ ತಂಡ 2004, 2007, 2013 ಮತ್ತು 2018ರಲ್ಲಿ ಚಾಂಪಿಯನ್ ಆಯಿತು. 1914ರಲ್ಲಿ ಕಟ್ಟಿದ ರಿಗ್ಲಿ ಫೀಲ್ಡ್‌ನಲ್ಲಿ ಆಡುವ ಷಿಕಾಗೋ ಕಬ್ಸ್ 2016ರಲ್ಲಿ ಗೆದ್ದಿತು. ಡೆಟ್ರಾಯಿಟ್ ತಂಡ 2000ದಲ್ಲಿ ಹೊಸ ಕೊಮೆರಿಕಾ ಪಾರ್ಕ್‌ಗೆ ಹೋಯಿತು, ಅಲ್ಲಿನ ನಾಲ್ಕನೇ ವರ್ಷದಲ್ಲೇ 119 ಪಂದ್ಯ ಸೋತಿತು. ಅದರ ಕೊನೆಯ ಪ್ರಶಸ್ತಿ ಹಳೆಯ ಮೈದಾನದಲ್ಲಿದ್ದಾಗ, 1984ರಲ್ಲಿ ಬಂದದ್ದು. ಗೋಡೆಗಳೇ ಪಂದ್ಯ ಗೆಲ್ಲಿಸುತ್ತವೆ ಎಂದು ನಾನು ಹೇಳುತ್ತಿಲ್ಲ. ಹಳೆಯ ಗೋಡೆಗಳು ಗೆಲುವಿಗೆ ಅಡ್ಡಿ ಎಂಬ ಮಾತು ನಿಲ್ಲುವುದಿಲ್ಲ, ಅಷ್ಟೆ. ಊರಿಗೆ ಉದ್ಯೋಗ, ವ್ಯಾಪಾರ ಬರುತ್ತದೆ ಎಂಬ ಇನ್ನೊಂದು ಮಾತನ್ನು ಅರ್ಥಶಾಸ್ತ್ರಜ್ಞರಾದ ರೋಜರ್ ನೋಲ್ ಮತ್ತು ಆಂಡ್ರ್ಯೂ ಜಿಂಬಲಿಸ್ಟ್ 1997ರಲ್ಲಿ ಸಂಪಾದಿಸಿದ ಗ್ರಂಥದಲ್ಲಿ ತೂಗಿ ನೋಡಿದ್ದಾರೆ. ಸಾರ್ವಜನಿಕರು ಹಾಕಿದ ದುಡ್ಡಿಗೆ ತಕ್ಕ ಲಾಭ ಊರಿಗೆ ಬರುವುದಿಲ್ಲವೆಂಬುದು ಅಲ್ಲಿನ ತೀರ್ಮಾನ. ಹೆಚ್ಚಿನ ಹೊಸ ಕ್ರೀಡಾಂಗಣಗಳು ಎದ್ದಿರುವುದು ತೆರಿಗೆದಾರರ ನೆರವಿನಿಂದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಸೌಕರ್ಯ ಮತ್ತು ಸುರಕ್ಷತೆಯ ಮಾತನ್ನು ಮಾತ್ರ ಹೀಗೆ ಹಾರಿಸಿಬಿಡಲಾಗದು. ಗಾಲಿಕುರ್ಚಿಯಲ್ಲಿ ಬರುವವರಿಗೆ, ವಯಸ್ಸಾದವರಿಗೆ 1912ರ ಮೆಟ್ಟಿಲು ಹಿಂಸೆ. ರಿಗ್ಲಿ ಫೀಲ್ಡ್‌ನಲ್ಲಿ 2004ರಲ್ಲಿ ಮೇಲಿನಿಂದ ಕಾಂಕ್ರೀಟ್ ಚೂರುಗಳು ಉದುರಿ, ಕೆಳಗೆ ಬಲೆ ಕಟ್ಟಬೇಕಾಯಿತು. ಟೆಕ್ಸಾಸ್‌ನ ಬೇಸಿಗೆಯಲ್ಲಿ ಸೂರಿಲ್ಲದ ಮೈದಾನದಲ್ಲಿ ಮೂರು ಗಂಟೆ ಕೂರುವುದು ಶಿಕ್ಷೆ ಎನ್ನುವುದೂ ಸುಳ್ಳಲ್ಲ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಬೇಕಾಗಿಲ್ಲ. 1999ರಲ್ಲಿ ಬಾಸ್ಟನ್‌ನ ಆಗಿನ ಮಾಲೀಕರು 50 ಕೋಟಿ ಡಾಲರಿಗೂ ಮೀರಿದ ಹೊಸ ಫೆನ್‌ವೇಯ ಯೋಜನೆ ಮುಂದಿಟ್ಟಿದ್ದರು. 2002ರಲ್ಲಿ ತಂಡ ಕೊಂಡ ಹೊಸಬರು ಅದನ್ನು ಬದಿಗಿಟ್ಟು, ವರ್ಷವರ್ಷವೂ ಆಟವಿಲ್ಲದ ತಿಂಗಳುಗಳಲ್ಲಿ ಹಳೆಯದನ್ನೇ ದುರಸ್ತಿ ಮಾಡುತ್ತ ಬಂದರು. ಹಸಿರು ಗೋಡೆಯ ನೆತ್ತಿಯ ಮೇಲೇ 2003ರಲ್ಲಿ ಆಸನಗಳು ಬಂದವು. ಇದನ್ನು ಮುನ್ನಡೆಸಿದವರು ಲ್ಯಾರಿ ಲುಕಿನೋ ಮತ್ತು ಜಾನೆಟ್ ಮೇರಿ ಸ್ಮಿತ್, ಬಾಲ್ಟಿಮೋರ್‌ನಲ್ಲಿ ಕ್ಯಾಮ್ಡೆನ್ ಯಾರ್ಡ್ಸ್ ಕಟ್ಟಿಸಿದ ಅದೇ ಜೋಡಿ. ಹೊಸದರಲ್ಲಿ ಎಲ್ಲರಿಗಿಂತ ಒಳ್ಳೆಯದನ್ನು ಕಟ್ಟಿದವರೇ ಹಳೆಯದನ್ನು ಉಳಿಸಿದರು.

ಇನ್ನೊಂದು ಆಕ್ಷೇಪ ಇವೆಲ್ಲಕ್ಕಿಂತ ಆಳವಾಗಿ ಚುಚ್ಚುವಂಥದ್ದು. ಹಳೆಯ ಮೈದಾನಗಳ ನೆನಪು ಯಾರ ನೆನಪು? 1945ರ ಏಪ್ರಿಲ್‌ನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ರನ್ನು ಇದೇ ಫೆನ್‌ವೇಗೆ ಕರೆಸಿ, ಆಡಿಸಿ ನೋಡಿ, ಹಾಗೇ ಕಳುಹಿಸಿದರು. ಅಂದಿನ ತಂಡಗಳಲ್ಲಿ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ ಕೊನೆಯದು ಬಾಸ್ಟನ್, ಅದೂ 1959ರಲ್ಲಿ. ಆಗಿನ ಮಾಲೀಕ ಟಾಮ್ ಯಾಕಿ ಮತ್ತು ಅವರ ಪತ್ನಿಯ ಹೆಸರಿನ ಮೊದಲಕ್ಷರಗಳು ಹಸಿರು ಗೋಡೆಯ ಸ್ಕೋರ್‌ಬೋರ್ಡಿನ ಬಿಳಿ ಪಟ್ಟಿಗಳಲ್ಲಿ ಮೋರ್ಸ್ ಚುಕ್ಕೆ-ಗೆರೆಗಳಾಗಿ ಕೂತಿವೆ. ಮೈದಾನದ ಪಕ್ಕದ ಬೀದಿಗಿದ್ದ ಯಾಕಿ ಹೆಸರನ್ನು 2018ರಲ್ಲಿ ತೆಗೆದು ಹಳೆಯ ಜೆರ್ಸಿ ಸ್ಟ್ರೀಟ್ ಎಂಬ ಹೆಸರನ್ನೇ ಮರಳಿ ಇಟ್ಟರು. ಮೈದಾನ ಅಲ್ಲೇ ನಿಂತಿದ್ದದ್ದರಿಂದ ಊರಿನವರು ಈ ಪ್ರಶ್ನೆಯನ್ನು ಎದುರಿಸಲೇಬೇಕಾಯಿತು. ಕೆಡವಿ ಹೊಸದು ಕಟ್ಟಿದ್ದರೆ ಆ ಕಹಿಯೂ ಕಸದ ಲಾರಿಯಲ್ಲಿ ಹೋಗಿಬಿಡುತ್ತಿತ್ತು.

ಡೆಟ್ರಾಯಿಟ್‌ನ ಅಭಿಮಾನಿಗಳು ಸುಮ್ಮನೆ ಕೂತಿರಲಿಲ್ಲ. 1988ರಲ್ಲಿ ಸಾವಿರಕ್ಕೂ ಹೆಚ್ಚು ಜನ ಕೈಕೈ ಹಿಡಿದು ಟೈಗರ್ ಸ್ಟೇಡಿಯಂ ಅನ್ನು ಸುತ್ತಲೂ ತಬ್ಬಿ ನಿಂತರು. 1990ರಲ್ಲಿ ವಾಸ್ತುಶಿಲ್ಪಿಗಳಿಂದ ನಕ್ಷೆ ಬರೆಸಿ, ಸುಮಾರು 2.6 ಕೋಟಿ ಡಾಲರಿನಲ್ಲಿ ದುರಸ್ತಿ ಸಾಧ್ಯ ಎಂದು ತೋರಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಹತ್ತು ಪಟ್ಟಿಗೂ ಹೆಚ್ಚು ಖರ್ಚಿನಲ್ಲಿ ಕೊಮೆರಿಕಾ ಪಾರ್ಕ್ ಎದ್ದಿತು. ಹಳೆಯದರ ನೆನಪಿಗೆಂದು ಅಲ್ಲೂ ಧ್ವಜದ ಕಂಬವನ್ನು ಆಟದ ಅಂಗಳದೊಳಗೇ ನೆಟ್ಟರು, ಕೆಲವೇ ವರ್ಷಗಳಲ್ಲಿ ಬೇಲಿ ಮುಂದಕ್ಕೆ ಬಂದು ಕಂಬ ಆಟದಿಂದ ಹೊರಗುಳಿಯಿತು. ಮಿಷಿಗನ್ ಅವೆನ್ಯೂ ಮತ್ತು ಟ್ರಂಬುಲ್ ಬೀದಿ ಸೇರುವ ಮೂಲೆಯಲ್ಲಿ, ಟೈಗರ್ ಸ್ಟೇಡಿಯಂ ಇದ್ದ ಜಾಗದಲ್ಲಿ, ಈಗ ಮಕ್ಕಳು ಆಡುವ ಮೈದಾನವಿದೆ. ನೆಲಕ್ಕೆ ಹಾಸಿರುವುದು ಪ್ಲಾಸ್ಟಿಕ್ ಹುಲ್ಲು. 125 ಅಡಿ ಎತ್ತರದ ಹಳೆಯ ಧ್ವಜದ ಕಂಬ ಮಾತ್ರ ಇದ್ದಲ್ಲೇ ಇದೆ.