ಒಮಾನಿನ ಮಳೆ, ಇಂಡಿಯ ಲಿಂಬೆ ತೋಟ

2020ರ ಮೇ ತಿಂಗಳ ಕೊನೆಯಲ್ಲಿ, ಲಾಕ್‌ಡೌನ್ ಗದ್ದಲದ ನಡುವೆಯೇ, ಭೀಮಾ ತೀರದ ಇಂಡಿ, ಸಿಂದಗಿಯಿಂದ ಕೃಷ್ಣೆಯ ಮಗ್ಗುಲಿನ ಮುದ್ದೇಬಿಹಾಳದವರೆಗೆ ರೈತರ ಬಾಯಲ್ಲಿ ಒಂದೇ ಪ್ರಶ್ನೆ: "ಮಿಡತಿ ನಮ್ಮ ಕಡಿಗೂ ಬರ್ತಾವೇನ್ರೀ?" ರಾಜಸ್ಥಾನದಿಂದ ಎದ್ದ ಹಿಂಡುಗಳು ಮಧ್ಯಪ್ರದೇಶ ದಾಟಿ ವಿದರ್ಭದ ಅಮರಾವತಿ ಜಿಲ್ಲೆಗೆ ಇಳಿದಿದ್ದವು. ಅಲ್ಲಿಂದ ಇಂಡಿಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು 450 ಕಿ.ಮೀ. ದಿನಕ್ಕೆ 100ರಿಂದ 150 ಕಿ.ಮೀ. ಹಾರಬಲ್ಲ ಕೀಟಕ್ಕೆ ಅದು ಮೂರ್ನಾಲ್ಕು ದಿನದ ದಾರಿ. ಹೊಲಗಳು ಮುಂಗಾರಿಗೆ ಕಾಯುತ್ತ ಬರಿದಾಗಿದ್ದವು ನಿಜ. ಆದರೆ ಲಿಂಬೆ, ದಾಳಿಂಬೆ, ದ್ರಾಕ್ಷಿ ತೋಟಗಳು ಹಸಿರಾಗಿಯೇ ಇದ್ದವು. ಮಹಾರಾಷ್ಟ್ರದ ಗಡಿಗೆ ಹೊಂದಿದ ಜಿಲ್ಲೆಗಳಿಗೆ ಎಚ್ಚರಿಕೆಯೂ ಬಂದಿತ್ತು.

ಮಿಡತೆಗಳು ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದಕ್ಕಿಂತ ಮೊದಲು, ಅವು ಹುಟ್ಟಿದ್ದು ಎಲ್ಲಿ ಎಂಬುದನ್ನು ನೋಡಬೇಕು.

ಅರಬ್ಬಿ ಸಮುದ್ರದ ಆಚೆ ದಡದಲ್ಲಿ ಒಮಾನ್ ದೇಶವಿದೆ. ಅದರ ದಕ್ಷಿಣದ ಧೋಫಾರ್ ಪ್ರಾಂತ್ಯದ ಸಲಾಲಾ ಪಟ್ಟಣ ಅರಬ್ ನಾಡಿನ ಬಗ್ಗೆ ನಮಗಿರುವ ಕಲ್ಪನೆಯನ್ನೇ ಬುಡಮೇಲು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಂಜು, ತುಂತುರು, ಗುಡ್ಡಗಳೆಲ್ಲ ಹಸಿರು. ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು ಮಾರುತ್ತಾರೆ. ನಮಗೆ ಮುಂಗಾರು ತರುವ ನೈರುತ್ಯ ಮಾರುತದ ಒಂದು ಅಂಚು ಆ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ. ಗುಡ್ಡ ದಾಟಿದರೆ ಎಲ್ಲವೂ ಬೇರೆ. ಒಮಾನ್, ಸೌದಿ ಅರೇಬಿಯಾ, ಯೆಮೆನ್, ಯುಎಇ ನಾಲ್ಕಕ್ಕೂ ಚಾಚಿದ ರುಬ್ ಅಲ್ ಖಾಲಿ ಮರಳುಗಾಡು ಸುಮಾರು 6.5 ಲಕ್ಷ ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು. ಊರಿಲ್ಲ, ದಾರಿಯಿಲ್ಲ, ಮಳೆಯಂತೂ ಅಪರೂಪ.

2018ರ ಮೇ ತಿಂಗಳಲ್ಲಿ ಮೆಕುನು ಚಂಡಮಾರುತ ಸಲಾಲಾ ಬಳಿ ದಡಕ್ಕೆ ಅಪ್ಪಳಿಸಿತು. ಇಡೀ ವರ್ಷದಲ್ಲಿ ಬೀಳುವುದಕ್ಕಿಂತ ಎರಡು ಪಟ್ಟು ಮಳೆ ಒಂದೇ ದಿನದಲ್ಲಿ ಸುರಿಯಿತು. ಮರಳುಗಾಡಿನ ದಿಬ್ಬಗಳ ನಡುವೆ ಕೆರೆಗಳು ನಿಂತವು. ಆ ತೇವ ಆರುವಷ್ಟರಲ್ಲಿ, ಅಕ್ಟೋಬರ್‌ನಲ್ಲಿ, ಲುಬಾನ್ ಎಂಬ ಇನ್ನೊಂದು ಚಂಡಮಾರುತ ಯೆಮೆನ್ ತೀರಕ್ಕೆ ಬಂತು. ಮರುಭೂಮಿ ಮಿಡತೆಗೆ ಬೇಕಾದದ್ದು ಇಷ್ಟೇ: ಮೊಟ್ಟೆಯಿಡಲು ಒದ್ದೆ ಮರಳು, ಮರಿಗಳಿಗೆ ಮೇಯಲು ಚಿಗುರು. ಅನುಕೂಲ ಒದಗಿದರೆ ಮೂರು ತಿಂಗಳಿಗೊಂದು ತಲೆಮಾರು, ಪ್ರತಿ ತಲೆಮಾರಿಗೂ ಸಂಖ್ಯೆ ಸುಮಾರು 20 ಪಟ್ಟು. ಯಾರ ಕಣ್ಣಿಗೂ ಬೀಳದ ಆ ಮರಳಿನಲ್ಲಿ ಮೂರು ತಲೆಮಾರು ಬೆಳೆದವು. 20, 400, 8,000 ಪಟ್ಟು!

ಇನ್ನು ಈ ಕಥೆಯ ಅತ್ಯಂತ ಸೊಗಸಾದ ಭಾಗ. ಮರುಭೂಮಿ ಮಿಡತೆ ಹುಟ್ಟಾ ದರೋಡೆಕೋರನಲ್ಲ. ಒಂಟಿಯಾಗಿದ್ದಾಗ ಅದು ಹಸಿರು ಅಥವಾ ಕಂದು ಬಣ್ಣದ ಅಂಜುಬುರುಕ. ಹಾರುವುದಿದ್ದರೆ ರಾತ್ರಿ, ತನ್ನದೇ ಜಾತಿಯ ಇನ್ನೊಂದು ಎದುರಾದರೆ ಪಕ್ಕಕ್ಕೆ ಸರಿದು ಹೋಗುವ ಸ್ವಭಾವ. ನೆಲ ಒಣಗಿ ಹಸಿರು ಅಲ್ಲಲ್ಲಿ ಮಾತ್ರ ಉಳಿದಾಗ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ, ಮೈಗೆ ಮೈ ತಾಗುತ್ತದೆ. ಆಗ ಸ್ವಭಾವವೇ ಬದಲಾಗುತ್ತದೆ.

ಯಾವ ಅಂಗಕ್ಕೆ ತಾಗಿದರೆ ಹೀಗಾಗುತ್ತದೆ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಸಿಂಪ್ಸನ್ ಮತ್ತು ಸಂಗಡಿಗರು ಸಣ್ಣ ಕುಂಚ ಹಿಡಿದು ಒಂಟಿ ಮಿಡತೆಗಳ ಮೈಯನ್ನು ಭಾಗ ಭಾಗವಾಗಿ ಸವರಿ ನೋಡಿದರು. ಮೀಸೆ ಸವರಿದರೂ ಹೊಟ್ಟೆ ಸವರಿದರೂ ಏನೂ ಆಗಲಿಲ್ಲ. ಹಿಂಗಾಲಿನ ತೊಡೆಯ ಹೊರಮೈಯನ್ನು ನಾಲ್ಕು ಗಂಟೆ ಕಾಲ ಮತ್ತೆ ಮತ್ತೆ ಸವರಿದಾಗ ಮಾತ್ರ, ಗುಂಪನ್ನು ಕಂಡರೆ ಓಡುತ್ತಿದ್ದ ಮಿಡತೆ ಗುಂಪನ್ನೇ ಹುಡುಕಿಕೊಂಡು ನಡೆಯಿತು. ಈ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. 2009ರಲ್ಲಿ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ವಿಜ್ಞಾನಿಗಳು ಇದರ ಹಿಂದಿನ ರಾಸಾಯನಿಕವನ್ನೂ ಪತ್ತೆ ಮಾಡಿದರು. ಅದು ಸಿರೊಟೋನಿನ್, ಮನುಷ್ಯನ ಮಿದುಳಿನಲ್ಲೂ ಮನಸ್ಸಿನ ಏರಿಳಿತದಲ್ಲಿ ಪಾಲಿರುವ ಅದೇ ವಸ್ತು. ಅದನ್ನು ತಡೆದರೆ ಎಷ್ಟು ಸವರಿದರೂ ಮಿಡತೆ ಗುಂಪುಗೂಡುವುದಿಲ್ಲ!

ಗುಂಪು ಸೇರಿದ ಮೇಲೆ ಬಣ್ಣವೂ ಬೇರೆ. ಮರಿಗಳು ಹಳದಿ-ಕಪ್ಪು, ರೆಕ್ಕೆ ಬಲಿತ ಹೊಸದರಲ್ಲಿ ಗುಲಾಬಿ, ಮೊಟ್ಟೆಯಿಡುವ ಹೊತ್ತಿಗೆ ಹಳದಿ. ಒಂದು ಚದರ ಕಿ.ಮೀ. ಹಿಂಡಿನಲ್ಲಿ ನಾಲ್ಕು ಕೋಟಿಗೂ ಮಿಕ್ಕಿ ಮಿಡತೆಗಳು ಇರಬಹುದು. ಒಂದೊಂದೂ ದಿನಕ್ಕೆ ತನ್ನ ತೂಕದಷ್ಟು, ಅಂದರೆ ಎರಡು ಗ್ರಾಂ ತಿನ್ನುತ್ತದೆ. ಅಂಥ ಹಿಂಡಿನ ಒಂದು ದಿನದ ಮೇವು 35,000 ಜನರ ಒಂದು ದಿನದ ಊಟಕ್ಕೆ ಸಮ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ.

ಈ ಹಿಂಡುಗಳು 2019ರಲ್ಲಿ ಯೆಮೆನ್, ಸೌದಿ, ಇರಾನ್ ಮೂಲಕ ಭಾರತ-ಪಾಕಿಸ್ತಾನದ ಗಡಿಗೆ ಬಂದವು. ಮರುವರ್ಷದ ಬೇಸಿಗೆಯಲ್ಲಿ ಪಶ್ಚಿಮದ ಬಿಸಿಗಾಳಿ ಅವನ್ನು ವಿದರ್ಭದವರೆಗೂ ತಳ್ಳಿತು. ಮಿಡತೆ ಗಾಳಿಗೆ ಎದುರಾಗಿ ದೂರ ಸಾಗಲಾರದು, ಗಾಳಿ ಒಯ್ದತ್ತ ಅದರ ಪಯಣ. ಜೂನ್ ಬಂತೆಂದರೆ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಎರೆ ಹೊಲಗಳ ಮೇಲೆ ಪಡುವಣ, ನೈರುತ್ಯದ ಗಾಳಿ ಧೂಳೆಬ್ಬಿಸಿ ಬೀಸುತ್ತದೆ. ಸಹ್ಯಾದ್ರಿಯಲ್ಲಿ ನೀರಿಳಿಸಿ ಬರುವ ಆ ಗಾಳಿ ಮಳೆಯನ್ನು ಅಷ್ಟಾಗಿ ತರದು ಎಂದು ರೈತರಿಗೆ ಬೇಸರ. ಆ ವರ್ಷ ಹಿಂಡುಗಳ ದಾರಿ ಕಟ್ಟಿದ್ದು ಅದೇ ಗಾಳಿ.

ಇಷ್ಟು ಸ್ಪಷ್ಟ ಕಾರಣವಿದ್ದರೂ ಆಗ ಕೊರೊನಾ ಜೊತೆ ಮಿಡತೆಯನ್ನೂ ಸೇರಿಸಿ ಪ್ರಳಯದ ಲೆಕ್ಕ ಹಾಕಿದವರಿದ್ದರು. ನೆರೆಯ ದೇಶವೇ ಬೇಕೆಂದು ಕಳಿಸಿತೆಂದು ಹಬ್ಬಿಸಿದವರೂ ಇದ್ದರು. ಆ ನೆರೆಯ ಪಾಕಿಸ್ತಾನವೇ ಮಿಡತೆ ಕಾಟಕ್ಕೆ ನಲುಗಿ 2020ರ ಆರಂಭದಲ್ಲಿ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿತ್ತು. ರೈತರನ್ನು ಹೆದರಿಸುವ ಇಂಥ ಸುಳ್ಳುಗಳು ಬೆಳೆಗೆ ಬೀಳುವ ಕೀಟಕ್ಕಿಂತ ಕಡಿಮೆ ಹಾನಿಕರವೇನಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಕಂಡ ಮಿಡತೆಯೆಲ್ಲ ಅರಬ್ ನಾಡಿನದು ಎಂಬುದು. ಅದೇ ವೇಳೆ ಕೋಲಾರ ಜಿಲ್ಲೆಯಲ್ಲಿ ಎಕ್ಕದ ಗಿಡಕ್ಕೆ ಮುತ್ತಿದ್ದ ಬಣ್ಣದ ಮಿಡತೆಗಳನ್ನು ನೋಡಿ ಜನ ಗಾಬರಿಯಾದರು. ಅವು ಎಕ್ಕವನ್ನೇ ನೆಚ್ಚಿದ ಸ್ಥಳೀಯ ಕೀಟಗಳು. ದಖನ್ನಿನ ಜೋಳದ ಸೀಮೆಗೂ ತನ್ನದೇ ಮಿಡತೆಯಿದೆ, ಅದಕ್ಕೆ ಹಾರಲು ರೆಕ್ಕೆಯೇ ಇಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿದರು. ಅದರ ವೈಜ್ಞಾನಿಕ ಕುಲನಾಮ ಕೋಲ್ಮೇನಿಯಾ ಅವರ ನೆನಪಿನದೇ.

ಆದ್ದರಿಂದ ಹೊಲದಲ್ಲಿ ನಾಲ್ಕು ಮಿಡತೆ ಕಂಡೊಡನೆ ಔಷಧದ ಡಬ್ಬಿಗೆ ಕೈ ಹಾಕಬೇಡಿ. ಗುಲಾಬಿ ಅಥವಾ ಹಳದಿ ಬಣ್ಣದವು ಹಿಂಡುಹಿಂಡಾಗಿ ಹಗಲಲ್ಲಿ ಹಾರಿ ಬಂದರೆ, ಸಂಜೆ ಯಾವ ಮರಗಳ ಮೇಲೆ ಇಳಿದವು ಎಂದು ನೋಡಿಟ್ಟು ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ತಟ್ಟೆ ಬಡಿದರೆ ಅವು ಎದ್ದು ಪಕ್ಕದವರ ತೋಟಕ್ಕೆ ಹೋಗುತ್ತವೆ, ಸಾಯುವುದಿಲ್ಲ. ಕೂತಲ್ಲೇ ಔಷಧ ಸಿಂಪಡಿಸಲು ರಾತ್ರಿ ಮತ್ತು ಬೆಳಗಿನ ಜಾವವೇ ತಕ್ಕ ಹೊತ್ತು.