ಬೇಲಿಯ ಅಮೃತಬಳ್ಳಿ



ಅಮೃತಬಳ್ಳಿಯ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಜ್ವರಕ್ಕೆಂದು ಅದರ ಕಷಾಯ ಕುಡಿದವರು ಆ ಕಹಿಯನ್ನು ಬೇಗ ಮರೆಯುವುದೂ ಇಲ್ಲ. ಆದರೆ ಹಣ್ಣಿನ ತೋಟದ ಬೇಲಿಯಲ್ಲಿ ಇದೇ ಬಳ್ಳಿ ಹಬ್ಬಿದ್ದರೆ ಏನಾಗುತ್ತದೆ ಎಂಬುದನ್ನು ಬಹಳ ಮಂದಿ ಯೋಚಿಸಿಲ್ಲ.

ಮೊದಲು ಗುರುತು ನೋಡಿರಿ. ಕುರುಚಲು ಕಾಡು, ಹಳೆಯ ಬೇಲಿ, ಬದುವಿನ ಬೇವಿನ ಮರ, ಇವು ಇದರ ನೆಲೆ. ಬಲಿತ ಕಾಂಡ ದಪ್ಪ, ರಸಭರಿತ. ಮೇಲಿನ ಸಿಪ್ಪೆ ಕಾಗದದ ಹಾಗೆ ತೆಳ್ಳಗೆ ಸುಲಿದು ಬರುತ್ತದೆ. ಉಗುರಿನಿಂದ ಕೆರೆದರೆ ಒಳಗೆ ಹಸಿರು. ಅಡ್ಡ ಕೊಯ್ದರೆ ಗಾಡಿಯ ಚಕ್ರದಂತೆ ನಡುವಿನಿಂದ ಅಂಚಿಗೆ ಗೆರೆಗಳು. ಎಲೆ ವೀಳ್ಯದೆಲೆಯ ಆಕಾರ, ತೊಟ್ಟು ಉದ್ದ. ಎಲೆ ಉದುರಿದ ಕಾಲದಲ್ಲಿ ಹಳದಿ-ಹಸಿರಿನ ಪುಟ್ಟ ಹೂಗೊಂಚಲು ಬರುತ್ತದೆ. ಪಪಾಯಿಯಲ್ಲಿ ಇರುವಂತೆ ಇದರಲ್ಲೂ ಗಂಡು ಬೇರೆ, ಹೆಣ್ಣು ಬೇರೆ. "ನಮ್ಮ ಬಳ್ಳಿ ಕಾಯಿ ಬಿಡೋದೇ ಇಲ್ಲ" ಎನ್ನುವವರ ಬಳ್ಳಿ ಗಂಡಾಗಿರಬಹುದು. ಹೆಣ್ಣು ಬಳ್ಳಿಯಲ್ಲಿ ಬಟಾಣಿ ಗಾತ್ರದ ಕೆಂಪು ಹಣ್ಣಿನ ಗೊಂಚಲು ಕಾಣುತ್ತದೆ.

ಇದರ ಜೀವ ಬಹು ಗಟ್ಟಿ. ಬುಡ ಕಡಿದು ಹಾಕಿ ಮನೆಗೆ ಹೋದಿರಿ ಎನ್ನಿ. ಮರದ ಮೇಲೆ ಉಳಿದ ತುಂಡು ಸಾಯುವುದಿಲ್ಲ, ಕಾಂಡದಲ್ಲಿ ತೇವವುಂಟು. ಅಲ್ಲಿಂದ ನೂಲಿನಂಥ ಬೇರುಗಳನ್ನು ಕೆಳಗೆ ಇಳಿಬಿಟ್ಟು, ನೆಲ ಮುಟ್ಟಿಸಿ, ಮತ್ತೆ ಚಿಗುರುತ್ತದೆ. ಅಮೃತ ಎಂಬ ಹೆಸರು ಒಪ್ಪುವಂಥದೇ!

ಈಗ ತೋಟದ ಮಾತು. ದಾಳಿಂಬೆ, ಕಿತ್ತಳೆ, ಮೂಸಂಬಿ ಹಣ್ಣಾಗುವ ಹೊತ್ತಿಗೆ ರಾತ್ರಿ ಒಂದು ದಪ್ಪ ಪತಂಗ ಬರುತ್ತದೆ. ಅದರ ಸೊಂಡಿಲು ದಬ್ಬಣದಂತೆ ಚೂಪು. ಸಿಪ್ಪೆ ಚುಚ್ಚಿ ರಸ ಹೀರುತ್ತದೆ. ಆ ತೂತಿನಿಂದ ಕೊಳೆರೋಗ ಹೊಕ್ಕು ಹಣ್ಣು ಉದುರುತ್ತದೆ. ಈ ಪತಂಗದ ಹುಳು ಮಾತ್ರ ಹಣ್ಣು ಮುಟ್ಟುವುದಿಲ್ಲ. ಅದು ಬೆಳೆಯುವುದು ಅಮೃತಬಳ್ಳಿ, ದಾಗಡಿಬಳ್ಳಿ ಮುಂತಾದವುಗಳ ಎಲೆ ತಿಂದು. ಹಗಲು ಗಿಡವೆಲ್ಲ ಹುಡುಕಿದರೂ ಹುಳು ಸಿಗದಿರುವುದು ಇದಕ್ಕೇ.

ಆದ್ದರಿಂದ ಹಣ್ಣಿನ ತೋಟವಿದ್ದವರು ಸುತ್ತಲಿನ ಈ ಬಳ್ಳಿಗಳನ್ನು ಬೇರುಸಹಿತ ತೆಗೆಯಿರಿ. ಪತಂಗಕ್ಕೆ ರೆಕ್ಕೆಯುಂಟು, ನೆರೆಯ ತೋಟದವರೂ ಕೈಗೂಡಿಸಿದರೇ ಫಲ. ಉದುರಿದ ಹಣ್ಣನ್ನು ಆಯ್ದು ಹೂಳಿರಿ, ಅದರ ವಾಸನೆಗೂ ಪತಂಗ ಬರುತ್ತದೆ. ಕಡಿಮೆ ಗಿಡವಿದ್ದರೆ ಹಣ್ಣಿಗೆ ಚೀಲ ಕಟ್ಟುವುದೇ ಮೇಲು. ರಾಗಿ, ಜೋಳದ ಹೊಲದವರು ಬಳ್ಳಿಯನ್ನು ಕೀಳಬೇಕಾಗಿಲ್ಲ. ಔಷಧಿಗೆ ಬೇಕಾದದ್ದು ಅಲ್ಲಿ ಇರಲಿ. ತೆಗೆಯುವವರು ಮಾತ್ರ ಒಂದು ತುಂಡನ್ನೂ ಕೊಂಬೆಯಲ್ಲಿ ನೇತಾಡಲು ಬಿಡದೆ ಇಳಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಸುಡಿರಿ.