ಸಲಹೆ ಕೊಡುವ ಮೊದಲು ಕೇಳಿಸಿಕೊಳ್ಳಲು ಕಲಿಯಿರಿ

ಜಿಗಣಿಯ ಗಾರ್ಮೆಂಟ್ಸ್ ಮತ್ತು ಗ್ರಾನೈಟ್ ಘಟಕಗಳ ಸುತ್ತಲಿನ ವಠಾರಗಳಲ್ಲಿ, ಜನರು ಕಷ್ಟ ಹೇಳಿಕೊಳ್ಳಲು ಹುಡುಕಿಕೊಂಡು ಹೋಗುವ ಒಬ್ಬ ‘ಆಪಾ’ ಇದ್ದೇ ಇರುತ್ತಾರೆ. ಮದ್ರಸದ ಉಸ್ತಾದರು, ಆಶಾ ಕಾರ್ಯಕರ್ತೆಯರು, ಶಾಲೆಯ ಟೀಚರ್ ಬಳಿಗೂ ಇಂಥ ಮಾತುಗಳು ಬರುತ್ತವೆ. ನೀವು ಅಂಥವರಲ್ಲಿ ಒಬ್ಬರಾಗಿದ್ದು, ಆಪ್ತಸಮಾಲೋಚನೆಯ ತರಬೇತಿಗೆ ಅರ್ಜಿ ಹಾಕಿದ್ದರೆ ಈ ಲೇಖನ ನಿಮಗಾಗಿ. ಬೆಂಗಳೂರಿನಲ್ಲಿ ಡಾ. ಅಲಿ ಖ್ವಾಜಾ ಅವರು ಕಟ್ಟಿದ ಬಂಜಾರಾ ಅಕಾಡೆಮಿಯಂಥ ಸಂಸ್ಥೆಗಳು ಈ ತರಬೇತಿಯನ್ನು ಸಾಮಾನ್ಯರ ಬಳಿಗೂ ತಂದಿವೆ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಹತ್ತನೇ ಶತಮಾನದ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿ ದೇಹ ಮತ್ತು ಮನಸ್ಸಿನ ಆರೈಕೆಯನ್ನು ಒಂದೇ ಗ್ರಂಥದಲ್ಲಿ ಸೇರಿಸಿ, ಕೋಪ, ಭಯ, ದುಃಖ, ವಸ್ವಾಸ್‌ಗಳ ಬಗ್ಗೆ ಬಿಡಿಸಿ ಬರೆದರು. ಯುನಾನಿಯಲ್ಲಿಯೂ ಆರೋಗ್ಯಕ್ಕೆ ಅಗತ್ಯವಾದ ಆರು ಅಂಶಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಒಂದು.

ಸಂದರ್ಶನದಲ್ಲಿ ನೋಡುವುದೇನು?

ನೀವು ಎಷ್ಟು ಚೆನ್ನಾಗಿ ಬುದ್ಧಿ ಹೇಳಬಲ್ಲಿರಿ ಎಂಬುದನ್ನಲ್ಲ, ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳಬಲ್ಲಿರಿ ಎಂಬುದನ್ನು. “ಆಪಾ, ರಾತ್ರಿ ನಿದ್ರೇನೇ ಬರಲ್ಲ. ಫ್ಯಾಕ್ಟರೀಲಿ ಟಾರ್ಗೆಟ್ ಮುಗಿಯಲ್ಲ, ಮನೇಲಿ ಅತ್ತೆ ಮಾತಾಡಲ್ಲ” ಎಂದು ಒಬ್ಬಳು ಹೇಳಿದಳು ಎಂದುಕೊಳ್ಳಿ. “ಸಬರ್ ಮಾಡಮ್ಮ” ಎಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. “ಎರಡೂ ಕಡೆ ನೆಮ್ಮದಿ ಇಲ್ಲ ಅನ್ನಿಸ್ತಿದೆಯಾ?” ಎಂದು ಕೇಳಿದರೆ ಆಕೆ ಮುಂದೆ ಹೇಳುತ್ತಾಳೆ. ಮನೆಯವರೊಬ್ಬರ ಜೊತೆ ದಿನಕ್ಕೆ 10 ನಿಮಿಷ ಇದನ್ನು ಅಭ್ಯಾಸ ಮಾಡಿ. ಸಲಹೆ ಕೊಡಬೇಡಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, ಸರಿಯಾಗಿ ಅರ್ಥವಾಯಿತೇ ಎಂದು ಅವರನ್ನೇ ಕೇಳಿ.

ಈ ಪ್ರಶ್ನೆಗಳಿಗೆ ಸಿದ್ಧರಾಗಿ

• ನಿಮಗೇಕೆ ಈ ತರಬೇತಿ? ‘ಜನಸೇವೆ’ ಎಂದಷ್ಟೇ ಹೇಳಬೇಡಿ. ನೀವು ನೋಡಿದ ಒಂದು ಸಂದರ್ಭವನ್ನು ಹೆಸರು, ಗುರುತು ಬಿಡದೆ ಹೇಳಿ.

• ಕುಡಿತದ ಚಟವಿರುವವರು, ಬೇರೆ ಧರ್ಮದವರು, ನೀವು ಒಪ್ಪದ ಬದುಕು ನಡೆಸುವವರು ಬಂದರೆ? ಅಲ್ಲಿ ನೀವು ತೀರ್ಪು ಕೊಡುವವರಲ್ಲ, ಕೇಳುವವರು. ಇದನ್ನು ಮನಸ್ಸಿನಿಂದ ಒಪ್ಪಿಕೊಂಡೇ ಹೋಗಿ.

• ಗುಟ್ಟನ್ನು ಯಾವಾಗಲೂ ಕಾಪಾಡುತ್ತೀರಾ? ಹೇಳಿದ ಮಾತು ಅಮಾನತ್ತು. ಆದರೆ ಜೀವಕ್ಕೆ ಅಪಾಯವಿದ್ದಾಗ ಮೌನ ಸಲ್ಲದು. “ಸಾಯಬೇಕು ಅನ್ನಿಸ್ತಿದೆ, ಯಾರಿಗೂ ಹೇಳಬೇಡಿ” ಎಂದವರನ್ನು ಒಂಟಿಯಾಗಿ ಬಿಡದೆ, ನಂಬಿಕೆಯ ಒಬ್ಬರನ್ನು ಜೊತೆಗೆ ಸೇರಿಸಿಕೊಂಡು ನೆರವಿಗೆ ತಲುಪಿಸಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

• ನಿಮ್ಮ ಮಿತಿ ಯಾವುದು? ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ. ಇಲ್ಲದ ಧ್ವನಿ ಕೇಳಿಸುವವರನ್ನು, ದಿನಗಟ್ಟಲೆ ಊಟ, ನಿದ್ರೆ ಬಿಟ್ಟವರನ್ನು ನಿಮ್ಹಾನ್ಸ್‌ಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಕಳುಹಿಸುತ್ತೇನೆ ಎನ್ನಲು ಹಿಂಜರಿಯಬೇಡಿ.

• ನಿಮ್ಮದೇ ನೋವು? ತಲಾಕ್, ಸಾವು, ಖಿನ್ನತೆಯನ್ನು ಕಂಡವರು ಅದನ್ನು ಮುಚ್ಚಿಡಬೇಕಿಲ್ಲ. ಎಲ್ಲವನ್ನೂ ಬಿಚ್ಚಿಡಬೇಕಾಗಿಯೂ ಇಲ್ಲ. ಗಾಯ ಇನ್ನೂ ಹಸಿಯಾಗಿದ್ದರೆ, ಮೊದಲು ನೀವೇ ಒಬ್ಬ ಆಪ್ತಸಮಾಲೋಚಕರನ್ನು ಕಾಣುವುದು ಒಳ್ಳೆಯದು.

ಆ ದಿನದ ಆರೈಕೆ

ಹಿಂದಿನ ರಾತ್ರಿ ಇಶಾ ನಮಾಝ್ ಆದ ಮೇಲೆ ಮೊಬೈಲ್ ಬದಿಗಿಟ್ಟು ಮಲಗಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎಣ್ಣೆಯ ಭಾರೀ ತಿಂಡಿಯೂ ಬೇಡ. ಇಡ್ಲಿಯಂಥ ಹಗುರ ಆಹಾರ ಸಾಕು. ಸಾಲು ಸಾಲು ಚಹಾ ಕುಡಿದರೆ ಎದೆಬಡಿತ ಹೆಚ್ಚಬಹುದು. ಯಾರೋ ಹೇಳಿದರೆಂದು ಅಂದೇ ಹೊಸದಾಗಿ ಖಮೀರಾ ತಿನ್ನಲು ಹೋಗಬೇಡಿ. ಅದರಲ್ಲಿ ಸಕ್ಕರೆ ಇರುವುದರಿಂದ ಮಧುಮೇಹಿಗಳು ವೈದ್ಯರನ್ನು ಕೇಳದೆ ಸೇವಿಸಲೇಬಾರದು. ಎದೆ ಡವಡವ ಎಂದರೆ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ, ಐದಾರು ಸಲ.

ಸಂದರ್ಶನ ನಗರದ ಒಳಗಿದ್ದರೆ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ನಂಬಿಕೊಳ್ಳಬೇಡಿ. 2025ರ ಆಗಸ್ಟ್‌ನಿಂದ ಬೊಮ್ಮಸಂದ್ರದಿಂದ ಮೆಟ್ರೊ ಓಡುತ್ತಿದೆ. ಅರ್ಧ ಗಂಟೆ ಮುಂಚೆಯೇ ತಲುಪಿ, ದುಆ ಮಾಡಿ ಒಳಗೆ ಹೋಗಿ. ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ, ಕಲಿಯಲು ಬಂದಿದ್ದೇನೆ” ಎನ್ನಿ. ಈ ಸಲ ಆಯ್ಕೆಯಾಗದಿದ್ದರೆ ಕಾರಣ ಕೇಳಿ ತಿಳಿದುಕೊಂಡು, ಮುಂದಿನ ತಂಡಕ್ಕೆ ಮತ್ತೆ ಅರ್ಜಿ ಹಾಕಿ.